ಷರತ್ತಿನ ವ್ಯಾಕರಣ: ಹೊಸೂರು ಸೀಮೆಯ ಭಾಷ್ಯ

‘ಡಿಕ್ಟೇಟ್ ಟರ್ಮ್ಸ್’ ಎಂಬ ಇಂಗ್ಲಿಷ್ ನುಡಿಗಟ್ಟನ್ನು ಸರಿಯಾಗಿ ಬಳಸಲು ನಿಘಂಟು ತಿರುವುವವರು ಅಲ್ಪಜ್ಞರು. ಜಿಜ್ಞಾಸುಗಳು ಹೊಸೂರಿನ ಬಸ್ಸು ಹತ್ತಬೇಕು. ಷರತ್ತುಶಾಸ್ತ್ರಕ್ಕೆ ಮೂರೇ ವಿಭಕ್ತಿ: ಹಾಕುವವನು ಪ್ರಥಮಾ, ಹಾಕಿದ್ದು ದ್ವಿತೀಯಾ, ಹಾಕಿಸಿಕೊಂಡವನು ಚತುರ್ಥೀ. ಹೊಸೂರಿಗೆ, ತಳಿಗೆ, ಕೃಷ್ಣಗಿರಿಗೆ ಎಂಬ ರೂಪಗಳೇ ಇಲ್ಲಿ ಹೆಚ್ಚು ಬಳಕೆಯಲ್ಲಿವೆ ಎಂಬುದು ಪ್ರಸ್ತುತ ಪ್ರಮೇಯ.

ಲಕ್ಷ್ಯ ಒಂದು. 1791ರ ನವೆಂಬರಿನಲ್ಲಿ ಬ್ರಿಟಿಷ್ ಸೇನಾನಿ ಮ್ಯಾಕ್ಸ್‌ವೆಲ್‌ನ ಪಡೆ ಕೃಷ್ಣಗಿರಿಯ ಪೇಟೆಯನ್ನು ಹಿಡಿಯಿತು. ಬೆಟ್ಟದ ಕೋಟೆ ಹತ್ತಲು ಹೋಗಿ ಪೆಟ್ಟು ತಿಂದು ಇಳಿಯಿತು. ನಾಲ್ಕೇ ತಿಂಗಳಲ್ಲಿ, 1792ರ ಮಾರ್ಚಿನಲ್ಲಿ, ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿಗೆ ಷರತ್ತು ವಿಧಿಸಿದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಗಂಡುಮಕ್ಕಳು. ಬಾರಾಮಹಲಿನ ಜೊತೆ ಕೃಷ್ಣಗಿರಿಯೂ ಕುಂಪಣಿಯ ಪಾಲಾಯಿತು. ಏಣಿಗೆ ಎಟುಕದ್ದು ಕಾಗದಕ್ಕೆ ಎಟುಕಿತು. ಪ್ರಯೋಗ ಶುದ್ಧ.

ಪೂರ್ವಪಕ್ಷ: ಈ ಸೀಮೆಯವರು ಪ್ರಥಮೆಗೆ ಏರಿದ್ದೇ ಇಲ್ಲವೆ? ಸಮಾಧಾನ: ಏರಿದ್ದುಂಟು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ, ಮದರಾಸು ಪ್ರಾಂತ್ಯದ ಪ್ರೀಮಿಯರ್ ಆಗಿದ್ದಾಗ, 1938ರಲ್ಲಿ 125 ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದರು. ಚಳವಳಿ ಎದ್ದಿತು, ಜನ ಜೈಲಿಗೆ ಹೋದರು, 1940ರ ಫೆಬ್ರವರಿಯಲ್ಲಿ ಆಜ್ಞೆ ರದ್ದಾಯಿತು. ಅಪವಾದವೆಂದು ಅಡಿಟಿಪ್ಪಣಿಗೆ ಹಾಕಿದರೆ ಸಾಕು.

ಲಕ್ಷ್ಯ ಎರಡು ತುಸು ಜಟಿಲ. ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡುವ ತಮಿಳುನಾಡು ತಮಿಳು ಕಲಿಕೆ ಕಾಯ್ದೆ 2006ರಲ್ಲಿ ಬಂತು. ಒಂದನೇ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲು ಹತ್ತುತ್ತ 2016ರ ಹತ್ತನೇ ತರಗತಿ ಪರೀಕ್ಷೆಯ ಹೊತ್ತಿಗೆ ಕನ್ನಡ, ತೆಲುಗು, ಉರ್ದು ಮಕ್ಕಳ ಮುಂದೆ ಬಂದು ನಿಂತಿತು. ಭಾಷಾ ಅಲ್ಪಸಂಖ್ಯಾತರು ಹೈಕೋರ್ಟಿಗೆ ಹೋದರು, ವಿನಾಯಿತಿ ಸಿಕ್ಕಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೊಂದು ವರ್ಷ ವಿಸ್ತರಿಸಿತು. ವೈಯಾಕರಣರಿಗೆ ಇಲ್ಲೇ ಪೇಚು: ಷರತ್ತಿಗೆ ವಿನಾಯಿತಿ, ವಿನಾಯಿತಿಗೆ ಷರತ್ತು. ಚತುರ್ಥಿಯ ಹೆಗಲ ಮೇಲೆ ಚತುರ್ಥಿ!

ಕಡೆಯದು ಕರ್ಮಣಿ ಪ್ರಯೋಗ. ಮಾವಿನ ಸುಗ್ಗಿಯಲ್ಲಿ ತೋತಾಪುರಿ (ಅಲ್ಲಿನವರ ಬಾಯಲ್ಲಿ ‘ಬೆಂಗಳೂರಾ’) ಕೃಷ್ಣಗಿರಿಯ ಪಲ್ಪ್ ಕಾರ್ಖಾನೆಗಳ ಗೇಟಿಗೆ ಟ್ರ್ಯಾಕ್ಟರಿನಲ್ಲಿ ಬರುತ್ತದೆ.

‘ರೇಟು ಎಷ್ಟು?’

‘ಫಿಕ್ಸ್ ಆಗಿದೆ.’

ಫಿಕ್ಸ್ ಮಾಡಿದವರು ಯಾರು? ಕರ್ತೃ ಲೋಪ. ಲುಪ್ತ ಕರ್ತೃವನ್ನು ಹುಡುಕಲು ರೈತರು ಕಲೆಕ್ಟರ ಕಚೇರಿಗೆ ಅರ್ಜಿ ಹಿಡಿದು ಹೋಗುತ್ತಾರೆ. ಅಷ್ಟರಲ್ಲಿ ಲೋಡಿನ ಕಾಯಿ ಹಣ್ಣಾಗಿ, ಹಣ್ಣು ಮೆತ್ತಗಾಗಿ, ‘ತೂಕದಲ್ಲಿ ಇಷ್ಟು ಕಡಿತ’ ಎಂಬ ಹೊಸ ದ್ವಿತೀಯೆ ಹುಟ್ಟಿರುತ್ತದೆ.