ಮಾತೃಕಾಗುಣನಸಂಕಟಮೀಮಾಂಸೆ

ದ್ವಿತೀಯ ಪಿಯುಸಿ ಗಣಿತದ ಮೂರನೆಯ ಅಧ್ಯಾಯದೊಡನೆ ಅಂಕುರಿಸಿ, ವಾರ್ಷಿಕ ಪರೀಕ್ಷೆಯ ಮರುದಿನವೇ ಸಮೂಲವಾಗಿ ಶಮನಗೊಳ್ಳುವ ಮಾತೃಕಾಗುಣನಸಂಕಟವೆಂಬ ವ್ಯಾಧಿಯು ಚರಕ ಸುಶ್ರುತರಿಬ್ಬರ ಗಮನಕ್ಕೂ ಬಾರದೆ ಉಳಿದುದರಿಂದ, ಅದರ ನಿದಾನವನ್ನು ನಿರೂಪಿಸುವ ಭಾರವು ಪ್ರಸ್ತುತ ಲೇಖಕನ ಮೇಲೆ ಬಿದ್ದಿದೆ.

ರೋಗಿಗಳಲ್ಲಿ ಎರಡು ಪಂಥಗಳುಂಟು. ಸ್ವಸ್ಥಾನವಾದಿಗಳು, ಕೂಡುವಾಗ ಆಯಾ ಸ್ಥಾನದ ಅಂಕಿಗೆ ಆಯಾ ಸ್ಥಾನದ ಅಂಕಿಯನ್ನೇ ಕೂಡಿದ ಮೇಲೆ ಗುಣಿಸುವಾಗ ಮಾತ್ರ ಆ ಧರ್ಮವನ್ನೇಕೆ ತ್ಯಜಿಸಬೇಕೆಂದು ವಾದಿಸಿ, 1, 2 ಮೇಲೂ 3, 4 ಕೆಳಗೂ ಉಳ್ಳ ಮಾತೃಕೆಯನ್ನು 5, 6 ಮೇಲೂ 7, 8 ಕೆಳಗೂ ಉಳ್ಳ ಮಾತೃಕೆಯಿಂದ ಗುಣಿಸಿ, 5, 12, 21, 32 ಎಂದು ಬರೆದು ಸುಖವಾಗಿ ನಿದ್ರಿಸುತ್ತಾರೆ; ಶಾಸ್ತ್ರಸಮ್ಮತವಾದ ಉತ್ತರವಾದರೋ 19, 22, 43, 50. ಸಮದರ್ಶಿಗಳೆಂಬ ಎರಡನೆಯವರು, ಹಿಂದುಮುಂದಾದರೂ ಫಲವೊಂದೇ ಎಂದು ಮಗ್ಗಿಯ ಕಾಲದಲ್ಲಿ ಪಡೆದ ಉಪದೇಶವನ್ನು ಬಿಡಲೊಲ್ಲದೆ 23, 34, 31, 46ನ್ನು ತಲಪುತ್ತಾರೆ.

ಶಾಸ್ತ್ರಸಮ್ಮತವಾದ ಉತ್ತರಕ್ಕಾದರೋ, ಮೊದಲನೆಯ ಮಾತೃಕೆಯ ಅಡ್ಡಸಾಲಿನ ಮೇಲೆ ಎಡಗೈಯ ತೋರುಬೆರಳು ಬಲಕ್ಕೆ ಸರಿಯುತ್ತಿರಲು, ಎರಡನೆಯದರ ಕಂಬಸಾಲಿನಲ್ಲಿ ಬಲಗೈಯ ತೋರುಬೆರಳು ಕೆಳಕ್ಕಿಳಿಯಬೇಕು. ಪೆನ್ಸಿಲು ಹಿಡಿಯುವುದಕ್ಕೆ ಮೂರನೆಯ ಕೈ ಬೇಕು. ಸಹಸ್ರಬಾಹುವಾದ ಕಾರ್ತವೀರ್ಯಾರ್ಜುನನಿಗೆ ಈ ಅಧ್ಯಾಯವು ಸುಲಭವಾಗಿದ್ದಿರಬಹುದು. ಉಳಿದವರು ಬಲಬೆರಳನ್ನೆತ್ತಿ ಒಂದು ಅಂಕಿ ಗೀಚಿ, ಮರಳಿ ಪಕ್ಕದ ಕಂಬಸಾಲಿನಲ್ಲಿ ಇಳಿಯುತ್ತಾರೆ.

ಮೂಲಕಾರಣವನ್ನು ಅರಸುವವರು 1858ರ ಲಂಡನ್ನಿಗೆ ಹೋಗಬೇಕು. ಅಲ್ಲಿ ಜೀವನೋಪಾಯಕ್ಕೆ ವಕೀಲಿಯನ್ನೂ ಸಂತೋಷಕ್ಕೆ ಗಣಿತವನ್ನೂ ನಡೆಸುತ್ತಿದ್ದ ಆರ್ಥರ್ ಕೇಯ್ಲಿಯು ಈ ಗುಣಾಕಾರವನ್ನು ತನ್ನ ಪ್ರಬಂಧದಲ್ಲಿ ವಿಧಿಸಿದುದು ಬಾಲಪೀಡನೆಗಾಗಿಯಲ್ಲ. ಒಂದು ಜೊತೆ ರೇಖೀಯ ಸಮೀಕರಣಗಳನ್ನು ಇನ್ನೊಂದರೊಳಗೆ ಆದೇಶಿಸಿದರೆ ಸಹಗುಣಕಗಳು ತಾವಾಗಿಯೇ ಹೀಗೆ ಹೆಣೆದುಕೊಳ್ಳುವುವೆಂಬ ಕಾರಣಕ್ಕಾಗಿ. ಆದರೆ ಕಾರಣವನ್ನು ಹೇಳಲು ಒಂದು ಪೀರಿಯಡ್ಡು ಬೇಕು, ನಿಯಮವನ್ನು ಹೇಳಲು ಎರಡು ನಿಮಿಷ ಸಾಕು. ಪಾಠ ಮುಗಿಸಬೇಕಾದ ತಾರೀಖು ಯಾವುದನ್ನು ಆರಿಸುವುದೆಂದು ವಿವರಿಸಬೇಕಾಗಿಲ್ಲ. ಅಕ್ಕಿ, ಬೇಳೆ, ಬೆಲ್ಲಗಳ ತೂಕವನ್ನು ಅಡ್ಡಲಾಗಿಯೂ ಅವುಗಳ ದರವನ್ನು ಉದ್ದಕ್ಕೂ ಮನಸ್ಸಿನಲ್ಲಿರಿಸಿಕೊಂಡು, ಜೋಡಿಜೋಡಿಯಾಗಿ ಗುಣಿಸಿ ಕೂಡಿ ಬಿಲ್ಲು ಹೇಳುವ ಕಿರಾಣಿ ಅಂಗಡಿಯವನು ಈ ಗುಣಾಕಾರವನ್ನೇ ಮಾಡುತ್ತಾನೆ. ಅವನನ್ನು ಯಾರೂ ಪಾಠಕ್ಕೆ ಕರೆಯುವುದಿಲ್ಲ.

ಸಮದರ್ಶಿಗಳ ಸಮಾಧಾನಕ್ಕಾಗಿ ಒಂದು ಮಾತು. 1925ರಲ್ಲಿ ಹೈಸನ್‌ಬರ್ಗನು ತನ್ನ ಹೊಸ ಭೌತಶಾಸ್ತ್ರದ ರಾಶಿಗಳನ್ನು ಗುಣಿಸುವಾಗ ಕ್ರಮ ಬದಲಾದರೆ ಫಲವೂ ಬದಲಾಗುವುದನ್ನು ಕಂಡು ಕಳವಳಗೊಂಡನು. ಅದು ಮಾತೃಕೆಗಳ ಗುಣಾಕಾರವೆಂದು ಗುರುತಿಸಿದವನು ಮ್ಯಾಕ್ಸ್ ಬಾರ್ನ್. ಈ ದೃಷ್ಟಾಂತವನ್ನು ಉತ್ತರಪತ್ರಿಕೆಯ ಅಂಚಿನಲ್ಲಿ ಉಲ್ಲೇಖಿಸಲು ಶಾಸ್ತ್ರದ ನಿಷೇಧವೇನೂ ಇಲ್ಲವಾದರೂ, ಮೌಲ್ಯಮಾಪಕರು ಅದಕ್ಕೆ ಅರ್ಧ ಅಂಕವನ್ನಾದರೂ ದಯಪಾಲಿಸಿದ ನಿದರ್ಶನವು ಲೇಖಕನ ಕಣ್ಣಿಗೆ ಬಿದ್ದಿಲ್ಲ.