ಚಿಟಿಕೆ ಉಪ್ಪಿನ ಮೀಮಾಂಸೆ: ಸಂಶಯದ ಪ್ರಮಾಣ ನಿರ್ಣಯ

ನಂಬಲು ಕಷ್ಟವಾದ ಮಾತನ್ನು ‘ಒಂದು ಚಿಟಿಕೆ ಉಪ್ಪಿನೊಂದಿಗೆ’ ತೆಗೆದುಕೊಳ್ಳಬೇಕೆಂಬುದು ಇಂಗ್ಲಿಷರ ಕಟ್ಟಳೆ. ಈಗ ‘ಪಿಂಚ್ ಆಫ್ ಸಾಲ್ಟ್’ ಕನ್ನಡದ ಟಿವಿ ಚರ್ಚೆಗಳಲ್ಲೂ ಆಫೀಸಿನ ಮೀಟಿಂಗುಗಳಲ್ಲೂ ಧಾರಾಳವಾಗಿ ಉದುರುತ್ತಿದೆ. ನಿಘಂಟುಗಳು ‘ಪೂರ್ತಿ ನಂಬಬೇಡ ಎಂದರ್ಥ’ ಎಂದಷ್ಟೇ ಹೇಳಿ ಕೈತೊಳೆದುಕೊಂಡಿವೆ. ಎಷ್ಟು ಸುಳ್ಳಿಗೆ ಎಷ್ಟು ಉಪ್ಪು, ದಿನಕ್ಕೆ ಎಷ್ಟು ಹೊತ್ತು, ಊಟಕ್ಕೆ ಮೊದಲೋ ಆಮೇಲೋ ಎಂಬ ಮುಖ್ಯ ಪ್ರಶ್ನೆಗಳ ಗೋಜಿಗೆ ಅವು ಹೋಗುವುದಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬುತ್ತದೆ. ಜೊತೆಗೆ, ಈ ಉಪ್ಪು ಸಂಶಯಕ್ಕೆ ಸೇರಿದ್ದೇ ಅಲ್ಲ, ಸುಳ್ಳನ್ನು ಸಲೀಸಾಗಿ ನುಂಗಿಸುವ ವ್ಯಂಜನ ಅದು ಎಂದು ಸಾಧಿಸುತ್ತದೆ.

ಮೊದಲು ಮೂಲ. ಪಾಂಟಸ್‌ನ ದೊರೆ ಆರನೇ ಮಿಥ್ರಿಡೇಟಿಸ್‌ಗೆ ಜೀವನವಿಡೀ ವಿಷಪ್ರಾಶನದ ಭಯ. ಅವನು ಸೋತ ಮೇಲೆ ಅವನ ಖಾಸಗಿ ಬರಹಗಳಲ್ಲಿ ರೋಮನ್ ಸೇನಾನಿ ಪಾಂಪೆಗೆ ಒಂದು ಪ್ರತಿವಿಷದ ವಿಧಾನ ಸಿಕ್ಕಿತೆಂದು ಹಿರಿಯ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯ 23ನೇ ಭಾಗದಲ್ಲಿ ಬರೆಯುತ್ತಾನೆ. ಎರಡು ಒಣ ಅಕ್ರೋಟು, ಎರಡು ಅಂಜೂರ, 20 ನಾಗದಾಳಿ ಎಲೆಗಳನ್ನು ಅರೆದು, ಒಂದು ಹರಳು ಉಪ್ಪು ಬೆರೆಸಿ ಬರಿಹೊಟ್ಟೆಯಲ್ಲಿ ತಿಂದರೆ ಆ ದಿನವಿಡೀ ಯಾವ ವಿಷವೂ ತಟ್ಟದು. ಗಮನಿಸಿ: ಉಪ್ಪು ಬಿದ್ದದ್ದು ಮದ್ದಿಗೆ, ವಿಷಕ್ಕಲ್ಲ. ಕ್ರಿ.ಪೂ. 63ರಲ್ಲಿ ದೊರೆ ತಾನಾಗಿಯೇ ಸಾಯಲೆಂದು ವಿಷ ಕುಡಿದಾಗ ಅದು ಹತ್ತಲೇ ಇಲ್ಲ, ಕೊನೆಗೆ ಕತ್ತಿಯೇ ಬೇಕಾಯಿತು ಎಂದು ಪ್ರಾಚೀನ ಇತಿಹಾಸಕಾರರು ಹೇಳುತ್ತಾರೆ. ದಿನವೂ ಉಪ್ಪು ಹಾಕಿಕೊಂಡು ಸುಳ್ಳು ತಿನ್ನುವವನ ಗತಿಯೂ ಇದೇ. ಕ್ರಮೇಣ ಅವನಿಗೆ ಯಾವುದೂ ತಟ್ಟುವುದಿಲ್ಲ, ನಿಜ ಕೂಡ. ಇನ್ನು ಪ್ಲಿನಿಯಾದರೂ ಸಂಶಯವಾದಿಯೇ? ಭಾರತದಲ್ಲಿ ಒಂಟಿಕಾಲಿನ ಜನರಿದ್ದಾರೆ, ಬಿಸಿಲೇರಿದಾಗ ಅಂಗಾತ ಮಲಗಿ ತಮ್ಮ ಪಾದವನ್ನೇ ಕೊಡೆಯಾಗಿ ಹಿಡಿಯುತ್ತಾರೆ ಎಂದು ಅದೇ ಗ್ರಂಥದ 7ನೇ ಭಾಗದಲ್ಲಿ ಬರೆದವನು ಅವನು. ಹೊಣೆಯನ್ನು ಮಾತ್ರ ಗ್ರೀಕ್ ವೈದ್ಯ ಕ್ಟೀಸಿಯಸ್‌ನ ತಲೆಗೆ ಕಟ್ಟಿದ. ‘ನಾನು ಹೇಳಿದ್ದಲ್ಲಪ್ಪ, ಯಾರೋ ಹೇಳಿದ್ದು’ ಎಂಬ ಸಂಪ್ರದಾಯಕ್ಕೆ ಇಷ್ಟು ಹಳೆಯ ಪ್ರಮಾಣ ಸಿಗುವುದು ಅಪರೂಪ.

ಈಗ ಪ್ರಮಾಣದ ಪ್ರಶ್ನೆ. ಬೈಬಲ್ ವ್ಯಾಖ್ಯಾನಕಾರ ಜಾನ್ ಟ್ರ್ಯಾಪ್ 1647ರಲ್ಲಿ ಈ ಮಾತನ್ನು ಇಂಗ್ಲಿಷಿನಲ್ಲಿ ಬಳಸಿದಾಗ ಅದು ಒಂದೇ ಹರಳಾಗಿತ್ತು. ಅಮೆರಿಕನ್ನರು ಈಗಲೂ ಹರಳಿಗೇ ಅಂಟಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಅದು 20ನೇ ಶತಮಾನದಲ್ಲಿ ಚಿಟಿಕೆಯಾಯಿತು. 0.3 ಮಿಲಿಮೀಟರಿನ ಪುಡಿಯುಪ್ಪಿನ ಕಣ ಸುಮಾರು 0.06 ಮಿಲಿಗ್ರಾಂ ತೂಗುತ್ತದೆ. ಚಮಚಕ್ಕೆ 6 ಗ್ರಾಂ ಉಪ್ಪೆಂದು ಹಿಡಿದು, ಚಿಟಿಕೆಯನ್ನು ಅದರ ಹದಿನಾರನೇ ಒಂದು ಭಾಗವೆಂದು ಒಪ್ಪಿದರೆ 0.375 ಗ್ರಾಂ. ಅಂದರೆ ಸಂಶಯದ ಹಣದುಬ್ಬರ 6,000 ಪಟ್ಟಿಗೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಆ ಲೆಕ್ಕದಲ್ಲಿ ಸಪ್ಪೆ ಊಟ ಮಾಡುವ ಮನುಷ್ಯ ದಿನಕ್ಕೆ 13 ಸುಳ್ಳುಗಳನ್ನು ಮಾತ್ರ ಅನುಮಾನಿಸಬಹುದು. ಹುಳಿ, ಹಪ್ಪಳ, ಉಪ್ಪಿನಕಾಯಿ ಬಿಡದವರ ಕೋಟಾ ಮಧ್ಯಾಹ್ನದೊಳಗೇ ಮುಗಿದಿರುತ್ತದೆ. ಸಂಜೆ ಫ್ಯಾಮಿಲಿ ಗ್ರೂಪಿನಲ್ಲಿ ಬರುವ ವಾಟ್ಸಾಪ್ ಫಾರ್ವರ್ಡುಗಳನ್ನು ಅವರು ಪೂರ್ತಿ ನಂಬುವುದು ಬುದ್ಧಿಯ ಕೊರತೆಯಿಂದಲ್ಲ, ರಕ್ತದೊತ್ತಡದ ಮುನ್ನೆಚ್ಚರಿಕೆಯಿಂದ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಹರಳು ಎಂದರೆ ಪುಡಿಯುಪ್ಪಿನ ಕಣವೇ ಏಕೆ, ಗೋಕರ್ಣದ ಬಳಿಯ ಸಾಣಿಕಟ್ಟಾದ ಕಲ್ಲುಪ್ಪು ಏಕಲ್ಲ ಎಂಬುದು ಅವರ ಮೊದಲ ಆಕ್ಷೇಪ. ಒಪ್ಪೋಣ. ಮೂರು ಮಿಲಿಮೀಟರಿನ ಕಲ್ಲುಪ್ಪಿನ ಹರಳು ಪುಡಿಯ ಕಣಕ್ಕಿಂತ ಸಾವಿರ ಪಟ್ಟು ತೂಗುತ್ತದೆ. ಆಗ ಉಬ್ಬರ ಆರು ಪಟ್ಟಿಗೆ ಇಳಿಯುತ್ತದೆಯೇ ಹೊರತು ಮಾಯವಾಗುವುದಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಇಂಗ್ಲಿಷರು ಉಪ್ಪನ್ನು ಸಂಶಯದ ಸಾಧನವೆಂದು ಮನಸಾರೆ ನಂಬಿದ್ದರು, ಇಲ್ಲವಾದರೆ ಭಾರತದಲ್ಲಿ ಅದರ ಮೇಲೆ ತೆರಿಗೆ ಹಾಕಿ, 1882ರ ಕಾಯ್ದೆಯಿಂದ ಅದನ್ನು ಬಿಗಿಹಿಡಿತದಲ್ಲಿ ಇಟ್ಟುಕೊಳ್ಳುತ್ತಿದ್ದರೇ? ಸರ್ಕಾರದ ಮಾತನ್ನು ಅನುಮಾನಿಸಬೇಕಾದವನು ಮೊದಲು ಸರ್ಕಾರಕ್ಕೇ ಸುಂಕ ಕಟ್ಟಲಿ ಎಂಬುದು ಅದರ ತಾತ್ಪರ್ಯ. ವಾದ ಚೆನ್ನಾಗಿದೆ. ಆದರೆ 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲಂಚಿನಲ್ಲಿ ಆ ಕಾಯ್ದೆ ಮುರಿದು ಉಪ್ಪು ಮಾಡಿದವರು ಅದನ್ನು ಸರ್ಕಾರದ ಮಾತಿಗೆ ಬೆರೆಸಿ ನುಂಗಲಿಲ್ಲ. ಮಾತನ್ನೇ ತಿರಸ್ಕರಿಸಿದರು. ಆಕ್ಷೇಪ ಹೂಡಿದವರ ಸಾಕ್ಷ್ಯ ನಮ್ಮ ಪಕ್ಷವನ್ನೇ ಗೆಲ್ಲಿಸುತ್ತದೆ.

ಉಪ್ಪು ಬೆರೆಸಿದ ಮೇಲೂ ಮಾತು ಹೊಟ್ಟೆಗೇ ಹೋಗುತ್ತದೆ ಎಂಬುದು ನಮ್ಮ ಸಿದ್ಧಾಂತದ ತಿರುಳು. ಉಗಿಯಿರಿ ಎಂದು ಈ ನುಡಿಗಟ್ಟು ಎಲ್ಲೂ ಹೇಳುವುದಿಲ್ಲ. ಬಳಕೆಯನ್ನೇ ನೋಡಿ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ದನಿ ತಗ್ಗಿಸಿ, ‘ಸ್ವಲ್ಪ ಉಪ್ಪು ಹಾಕ್ಕೊಂಡೇ ಕೇಳಿ, ಆದ್ರೂ ಹೇಳ್ತೀನಿ’ ಎಂದರೆ ಮುಂದೆ ಬರುವುದನ್ನು ಹೇಳದೆ ಬಿಡುವ ಉದ್ದೇಶ ಅವರಿಗಿಲ್ಲ. ಪರೀಕ್ಷಿಸುವ ಕೆಲಸವನ್ನು ಕೇಳುವವನಿಗೆ ದಾಟಿಸಿ, ಹರಡುವ ಸುಖವನ್ನು ಮಾತ್ರ ಅವರು ಉಳಿಸಿಕೊಂಡಿದ್ದಾರೆ. ಕನ್ನಡದಲ್ಲಂತೂ ಅಪಾಯ ಇಮ್ಮಡಿ. ನಮ್ಮಲ್ಲಿ ಸುದ್ದಿಗೆ ಉಪ್ಪು ಖಾರ ಹಚ್ಚುವವನು ಹೇಳುವವನೇ. ಅವನು ಹದವಾಗಿ ಹಚ್ಚಿ ಬಡಿಸಿದ್ದಕ್ಕೆ ಕೇಳುವವನು ಇಂಗ್ಲಿಷ್ ಪದ್ಧತಿಯಂತೆ ಮತ್ತೊಂದು ಚಿಟಿಕೆ ಉದುರಿಸಿಕೊಂಡರೆ ರುಚಿ ದುಪ್ಪಟ್ಟಾಗುತ್ತದೆ, ಅನುಮಾನ ಅಷ್ಟೇ ಇರುತ್ತದೆ. ಹಾಗಿದ್ದರೆ ಈ ನುಡಿಗಟ್ಟು ಪೂರಾ ನಿರುಪಯೋಗಿಯೇ ಎಂದು ಮೃದುಸ್ವಭಾವದವರು ಕೇಳಬಹುದು. ಅಲ್ಲ. ‘ಗೊತ್ತಿಲ್ಲ’ ಎಂದು ಒಪ್ಪಿಕೊಳ್ಳುವ ಮುಜುಗರದಿಂದ ಅದು ಅಸಂಖ್ಯ ಮರ್ಯಾದಸ್ಥರನ್ನು ಪಾರುಮಾಡಿದೆ.

ಆದ್ದರಿಂದ ಹೊಸ ವಿಧಿ ಹೀಗೆ: ಅನುಮಾನ ಬಂದ ಮಾತಿಗೆ ಉಪ್ಪು ಹಾಕಕೂಡದು. ಚಿತ್ರಾನ್ನದ ಕರಿಬೇವಿನಂತೆ ಎಲೆಯ ಅಂಚಿಗೆ ಸರಿಸಿ, ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು ಎಂದು ವಿಚಾರಿಸತಕ್ಕದ್ದು. ಉತ್ತರ ಬರುವವರೆಗೆ ಮುಂದಿನ ಪಂಕ್ತಿಗೆ ಬಡಿಸತಕ್ಕದ್ದಲ್ಲ. ಈ ಪ್ರಬಂಧಕ್ಕೂ ವಿನಾಯಿತಿ ಬೇಡ. ಮೇಲಿನ ಲೆಕ್ಕಗಳನ್ನು ಒಪ್ಪದವರು ಉಪ್ಪಿನ ಡಬ್ಬಿಯನ್ನು ಕೆಳಗಿಟ್ಟು ತಕ್ಕಡಿ ತರಲಿ.