ತೃತೀಯಹಸ್ತ ಮೀಮಾಂಸೆ: ಜಕ್ಕಲಿಯ ಪೇಟಿಗೊಂದು ನಿಸ್ತಂತು ಸ್ವಿಚ್ಚು

ಪೇಟಿಯ, ಅಂದರೆ ಹಾರ್ಮೋನಿಯಂನ, ಶ್ರುತಿ ತಿದ್ದುವವನಿಗೆ ಬ್ರಹ್ಮ ಕೊಟ್ಟದ್ದು ಎರಡೇ ಕೈ. ಒಂದು ತಿದಿ ಒತ್ತಬೇಕು, ಇನ್ನೊಂದು ಸ್ವರದ ಮನೆ ಹಿಡಿಯಬೇಕು. ಹಾಗಾದರೆ ಮೊಬೈಲಿನ ಟ್ಯೂನರ್ ಆಪಿನಲ್ಲಿ ಮುಂದಿನ ಸ್ವರಕ್ಕೆ ಒತ್ತುವವರು ಯಾರು? ಷಡ್ದರ್ಶನಗಳು ಈ ಬಗ್ಗೆ ಮೌನ. ಪಿಯಾನೋದವರಿಗೆ 88 ಮನೆ, 230ರ ಆಸುಪಾಸು ತಂತಿ. ಅವರು ಎಂದೋ ಕಾಲಿನ ಸ್ವಿಚ್ಚಿಗೆ ಮೊರೆಹೋದರು. ನಮ್ಮ ಮೂರೂವರೆ ಸಪ್ತಕದ ಪೇಟಿಗೆ 42 ಮನೆ, ಎರಡು ಸಾಲಿದ್ದರೆ 84 ರೀಡು. ಒಂದೊಂದನ್ನೂ ಬಿಚ್ಚಿ, ತುದಿ ಕೆರೆದು ಸ್ವರ ಏರಿಸಿ, ಬುಡ ಕೆರೆದು ಇಳಿಸಿ, ಮತ್ತೆ ಕೂರಿಸಿ ನೋಡಬೇಕು. ಬೆಳಗ್ಗೆ ಕೂತವನಿಗೆ ಊಟದ ನೆನಪಾಗುವುದು ಪಂಚಮದಲ್ಲಿ.

ಪೂರ್ವಪಕ್ಷದವರ ವಾದ: ಜಕ್ಕಲಿ ಊರಿನಲ್ಲಿ ನಿಸ್ತಂತು ಸ್ವಿಚ್ಚು ಮೊದಲೇ ಇದೆ. ಮಾಸ್ತರ "ಮುಂದಿಂದು ಒತ್ತೋ ತಮ್ಮಾ" ಅಂದರೆ ಸಾಕು, ಮೊಬೈಲ್ ಹಿಡಿದು ಕೂತ ಹುಡುಗ ಒತ್ತುತ್ತಾನೆ. ಗಿರ್ಮಿಟ್ಟಿನಿಂದ ಚಾರ್ಜ್ ಆಗುತ್ತಾನೆ. ಓಣಿಯಲ್ಲಿ ಕ್ರಿಕೆಟ್ ಶುರುವಾದರೆ ಮಾತ್ರ ಸಂಪರ್ಕ ಕಡಿತ.

ಇನ್ನು ಇತಿಹಾಸ. ನಿಸ್ತಂತುವಿಗೂ ಪೇಟಿಗೂ ಹಳೆಯ ವೈರ. ರೇಡಿಯೊ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಈ ಇಬ್ಬರನ್ನು ಒಂದುಗೂಡಿಸಲು ಜಕ್ಕಲಿಗಿಂತ ತಕ್ಕ ಊರಿಲ್ಲ. ಕರ್ನಾಟಕ ಏಕೀಕರಣಕ್ಕೆ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರ ಊರಿದು. ನಾಡನ್ನೇ ಕೂಡಿಸಲು ಹೊರಟವರಿಗೆ ಪೇಟಿ-ರೇಡಿಯೊ ಯಾವ ಲೆಕ್ಕ?

ಸಿದ್ಧಾಂತ ಇಷ್ಟು. ಜಾತ್ರೆಯಲ್ಲಿ ಸಿಗುವ ಸೆಲ್ಫಿ ರಿಮೋಟನ್ನು ಬಿಚ್ಚಿ. ಒಳಗೆ ನಾಣ್ಯದಂಥ 3 ವೋಲ್ಟಿನ ಸೆಲ್ಲು, ಉಗುರಗಲದ ಬೋರ್ಡು. ಗುಂಡಿಯ ಎರಡು ತುದಿಗೆ ಎರಡು ವೈರು ಬೆಸುಗೆ ಹಾಕಿ ಕಾಲಿಂಗ್ ಬೆಲ್ಲಿನ ಒತ್ತುಗುಂಡಿಗೆ ಜೋಡಿಸಿ. ಸೆಲ್ಫಿ ರಿಮೋಟು ಫೋನಿಗೆ ಸಾಮಾನ್ಯವಾಗಿ ವಾಲ್ಯೂಮ್ ಗುಂಡಿಯ ಸಂಕೇತವನ್ನೇ ಕಳಿಸುತ್ತದೆ. ಆ ಸಂಕೇತಕ್ಕೆ "ಮುಂದಿನ ಸ್ವರ" ಎಂದು ಅರ್ಥ ಹಚ್ಚುವ ಆಪ್ ಇದ್ದರೆ ಮೋಕ್ಷ, ಇಲ್ಲದಿದ್ದರೆ ಸದ್ದು ಏರುವುದಷ್ಟೇ ಫಲ.

ರಿಮೋಟು ಬೇಡ, ಸರ್ಕೀಟು ನಾನೇ ಕಟ್ಟುತ್ತೇನೆ ಎನ್ನುವ ಹಠಯೋಗಿಗಳಿಗೆ ಒಂದು ಎಚ್ಚರಿಕೆ. ಗುಂಡಿ ಒತ್ತಿದಾಗ ಒಳಗಿನ ಲೋಹದ ನಾಲಿಗೆ ಕೆಲವು ಮಿಲಿಸೆಕೆಂಡು ಕುಣಿಯುತ್ತದೆ. ಯಂತ್ರ ಅದನ್ನು ಮೂರು ಒತ್ತು ಎಂದು ಎಣಿಸಿದರೆ ಷಡ್ಜದಲ್ಲಿದ್ದವನು ಕೋಮಲ ರಿಷಭಕ್ಕೆ ಹೋಗುವ ಬದಲು ಸೀದಾ ಕೋಮಲ ಗಾಂಧಾರದಲ್ಲಿ ಬಿದ್ದಿರುತ್ತಾನೆ. ಮೊದಲ ಒತ್ತಾದ ಮೇಲೆ 30 ಮಿಲಿಸೆಕೆಂಡು ಕಿವಿ ಮುಚ್ಚಿಕೊಂಡಿರು ಎಂದು ಯಂತ್ರಕ್ಕೆ ಬರೆದಿಟ್ಟರೆ ಈ ದೋಷ ಹೋಗುತ್ತದೆ.

ಉಳಿದದ್ದು ಸ್ಥಾನನಿರ್ಣಯ. ಪಿಯಾನೋದವನು ಕುರ್ಚಿಯ ಮೇಲೆ, ಕಾಲು ಖಾಲಿ. ಪೇಟಿ ಮಾಸ್ತರ ಚಕ್ಕಳಮಕ್ಕಳ. ಪಾದ ತೊಡೆಯಡಿ ಬಂಧನದಲ್ಲಿ. ಹೀಗಾಗಿ ಗುಂಡಿಗೆ ಮೊಣಕಾಲಿನ ಕೆಳಗೇ ಜಾಗ. ಆದರೆ ಮೊಣಕಾಲು ಕುಣಿಸಿ ತಾಳ ಹಾಕುವ ಚಟವಿರುವ ಮಾಸ್ತರರಿಗೆ ದಾದರಾ ಮುಗಿಯುವಷ್ಟರಲ್ಲಿ 42 ಮನೆಯೂ ದಾಟಿಹೋಗುವ ಅಪಾಯವಿದೆ. ಅಂಥವರಿಗೆ ಈ ಗ್ರಂಥ ಆ ಹುಡುಗನನ್ನೇ ಶಿಫಾರಸು ಮಾಡುತ್ತದೆ. ಗಿರ್ಮಿಟ್ಟಿನ ಖರ್ಚು ಮಾಸ್ತರರದು.